ಆರು ಗಂಟೆಗೆ ನಿಂತ ಪಾರ್ಕು

ಈ ಪ್ರಯಾಣದ ಬಗ್ಗೆ ಬರೆಯುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ಯಾರಾದರೂ ಕೇಳಿದರೆ ವಿಮಾನದ ಸಪ್ಪೆ ಊಟ, ಟಿವಿಡೇಲ್ ಎಂಬ ಊರಿನ ಬಾಲಾಜಿ ದೇವಸ್ಥಾನದ ಪುಳಿಯೋಗರೆ, ಇಷ್ಟು ಹೇಳಿ ಮುಗಿಸುತ್ತಿದ್ದೆ. ಪಾರ್ಕಿನ ಸುದ್ದಿಗೆ ಬರುತ್ತಿರಲಿಲ್ಲ.

ಕೊರೋನಾ ಬರುವುದಕ್ಕೆ ನಾಲ್ಕೈದು ವರ್ಷ ಮೊದಲು, ಜೂನ್ ತಿಂಗಳಲ್ಲಿ, ನಾನೂ ನಮ್ಮ ಮನೆಯವಳೂ ಬೆಂಗಳೂರಿನಿಂದ ಹೊರಟು ದುಬೈನಲ್ಲಿ ವಿಮಾನ ಬದಲಿಸಿ ಬರ್ಮಿಂಗ್‌ಹ್ಯಾಮಿನಲ್ಲಿ ಇಳಿದೆವು. ಮಗಳು ಸವಿತಾ ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯಲ್ಲಿ ಡಾಕ್ಟರು. ಅವಳ ಮನೆಗೆ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಬೇಸಿಗೆ ಎಂದು ಫೋನಿನಲ್ಲಿ ಹೇಳಿದ್ದಳು. ನಾವು ಸ್ವೆಟರಿನೊಳಗೂ ನಡುಗಿದೆವು. ಮನೆಯ ಎದುರಿಗೇ ಒಂದು ದೊಡ್ಡ ಪಾರ್ಕು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬಸ್ ಕಂಡಕ್ಟರಾಗಿ ಸೇರಿ, ಚೆಕಿಂಗ್ ಇನ್ಸ್‌ಪೆಕ್ಟರಾಗಿ ನಿವೃತ್ತನಾದವನು. ನಾನು ಬಸ್ ಹತ್ತಿದ ಕೂಡಲೇ ನಕ್ಕು ಮಾತಾಡಿಸುವ ಪ್ರಯಾಣಿಕನನ್ನೇ ಮೊದಲು ಟಿಕೆಟ್ ಕೇಳುತ್ತಿದ್ದೆ. ಆ ಊರಿನಲ್ಲಿ ನಮ್ಮನ್ನು ಮೊದಲು ನಕ್ಕು ಮಾತಾಡಿಸಿದವಳು ಪಕ್ಕದ ಮನೆಯ ನೊಯ್. ಥಾಯ್ಲೆಂಡಿನ ಹೆಂಗಸು, ಐವತ್ತು ದಾಟಿರಬೇಕು. ನಮ್ಮವಳು ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುವುದನ್ನು ನೋಡಿ, ಸಂಜೆ ಪಾರ್ಕಿಗೆ ಬಾ ಎಂದು ಸನ್ನೆ ಮಾಡಿದಳು. ಇವಳ ಹೆಸರು ಕೇಳಿ ತಿಳಿದುಕೊಂಡು, ಹರಕು ಇಂಗ್ಲಿಷಿನಲ್ಲಿ "ಈ ಹೆಸರು ನಮ್ಮ ದೇಶದಲ್ಲೂ ಇದೆ" ಎಂದಳು. ಗಾಳ ಹಾಕುತ್ತಿದ್ದಾಳೆ ಎಂದುಕೊಂಡೆ.

ಮರುದಿನದಿಂದ ನಮ್ಮವಳು ಪಾರ್ಕಿಗೆ ಹೋಗತೊಡಗಿದಳು. ಅವಳ ಮೇಲೆ ಕಣ್ಣಿಡಲು ನಾನು ಒಂದು ಬೆಂಚು ಹಿಡಿದು ಕುಳಿತೆ. ಆ ಊರಿನವರು ಕಿವಿಗೆ ವೈರು ಸಿಕ್ಕಿಸಿಕೊಂಡು, ಯಾರ ಮುಖವನ್ನೂ ನೋಡದೆ ಒಬ್ಬೊಬ್ಬರೇ ಓಡುತ್ತಿದ್ದರು. ನೊಯ್ ಮತ್ತು ಅವಳ ಜೊತೆಯ ಥಾಯ್ ಹೆಂಗಸರು ಹಾಗಲ್ಲ. ಎಂಟು ಹತ್ತು ಮಂದಿ, ಮದುವೆ ಮನೆಗೆ ಬಂದವರಂತೆ ಬರುತ್ತಿದ್ದರು. ಹುಲ್ಲಿನ ಮೇಲೆ ಸ್ಪೀಕರಿಟ್ಟು ಜೋರಾಗಿ ಹಾಡು ಹಾಕುತ್ತಿದ್ದರು. ಒಬ್ಬಳು ಮುಂದೆ ನಿಂತು ಕುಣಿದಂತೆ ಉಳಿದವರೂ ಕುಣಿಯುವುದು. ವಯಸ್ಸಾದವರು ಹಿಂದಿನ ಸಾಲಿನಲ್ಲಿ ನಿಂತು, ಎರಡೂ ಕೈಗಳನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಾ ಹರಟುತ್ತಿದ್ದರು. ವ್ಯಾಯಾಮ ಮುಗಿದ ಮೇಲೆ ಚಾಪೆ ಹಾಸಿ, ಮಾವಿನಕಾಯಿಯನ್ನು ಉಪ್ಪು ಖಾರಕ್ಕೆ ಅದ್ದಿ ತಿನ್ನುತ್ತಿದ್ದರು. ಆ ಖಾರದಲ್ಲಿ ಮೀನು ಬೆರೆಸಿದ್ದಾರೋ ಏನೋ ಎಂದು ನನಗೆ ಅದೊಂದು ಚಿಂತೆ.

"ಇಷ್ಟೆಲ್ಲ ಪುಕ್ಕಟೆ ಯಾರು ಮಾಡ್ತಾರೆ? ಮತಕ್ಕೆ ಸೇರಿಸೋರಿರಬೇಕು" ಎಂದೆ.

"ರೀ, ನನಗೆ ಅವರ ಮಾತು ಬರಲ್ಲ, ಅವರಿಗೆ ನಂದು ಬರಲ್ಲ. ಸೇರಿಸಿದ್ರೂ ಯಾವ ಮತ ಅಂತ ಗೊತ್ತಾಗಬೇಕಲ್ಲ!" ಎಂದು ನಮ್ಮವಳು ನಕ್ಕಳು.

ಸವಿತಾ ಇನ್ನೂ ನೇರವಾಗಿ ಹೇಳಿದಳು: "ಅಪ್ಪಾ, ಅಮ್ಮ ಈಗ ರೇಲಿಂಗ್ ಹಿಡೀದೆ ಮೆಟ್ಟಿಲು ಹತ್ತುತಾಳೆ. ನಮ್ಮ ಫಿಸಿಯೋ ಹೇಳೋದೂ ಇದನ್ನೇ. ನೀವು ಆ ಬೆಂಚಿನ ಮೇಲೆ ಡ್ಯೂಟಿ ಮಾಡೋದು ನಿಲ್ಲಿಸಿ."

ನಾನು ನಿಲ್ಲಿಸಲಿಲ್ಲ. ದಿನವೂ ಆರಕ್ಕೆ ಮೊದಲು ಕಾಫಿಗೆಂದು ಮನೆಗೆ ಹೋಗಿ, ಅವರು ಚಾಪೆ ಹಾಸುವ ಹೊತ್ತಿಗೆ ಮತ್ತೆ ಬಂದು ಕೂರುತ್ತಿದ್ದೆ. ಒಂದು ದಿನ ಮಳೆಹನಿಯಿಂದಾಗಿ ತಡವಾಗಿ, ಆರರ ಹೊತ್ತಿಗೆ ಹೋದೆ. ದೂರದಿಂದಲೇ ಹಾಡು ನಿಂತದ್ದು ಕೇಳಿಸಿತು. ಬೇರೆ ಯಾವುದೋ ಗಂಭೀರವಾದ ಹಾಡು ಶುರುವಾಯಿತು. ಕುಣಿಯುತ್ತಿದ್ದವರೆಲ್ಲ ಇದ್ದಲ್ಲೇ ನೆಟ್ಟಗೆ ನಿಂತರು. ಒಬ್ಬರೂ ಅಲುಗಲಿಲ್ಲ, ರೆಪ್ಪೆ ಕೂಡ ಬಡಿಯಲಿಲ್ಲ. ಅವರ ನಡುವೆ, ಸೀರೆಯ ಮೇಲೆ ಸವಿತಾಳ ಕೋಟು ಹಾಕಿಕೊಂಡು, ನಮ್ಮವಳೂ ಹಾಗೇ ನಿಂತಿದ್ದಳು.

ಕೊನೆಗೂ ಸಿಕ್ಕಿಬಿದ್ದರು ಎಂದುಕೊಂಡೆ. ಮಂತ್ರ ಹಾಕುತ್ತಿದ್ದಾರೆ ಎಂದು ನುಗ್ಗಿ ಹೋಗಿ ಅವಳ ತೋಳು ಹಿಡಿದು ಎಳೆದೆ. "ನಡಿ ಮನೆಗೆ! ಈ ವಯಸ್ಸಲ್ಲಿ ಕುಣಿಯೋಕೆ ನಾಚಿಕೆ ಆಗಲ್ವಾ?" ಅವಳು ಕದಲಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಮತ್ತೆ ಎಳೆದೆ. ಕಣ್ಣಿಂದ ನೀರಿಳಿಯಿತು, ಆದರೂ ನಿಂತೇ ಇದ್ದಳು. ಹಾಡು ಮುಗಿದ ಮೇಲೆ ನೊಯ್‌ಗೆ ಕೈ ಮುಗಿದು, ನನಗಿಂತ ಮುಂದಾಗಿ ಮನೆಯ ಕಡೆ ನಡೆದಳು.

ವಿಷಯ ತಿಳಿಸಿದ್ದು ಸವಿತಾ. ಥಾಯ್ಲೆಂಡಿನ ಪಾರ್ಕುಗಳಲ್ಲಿ ಸಂಜೆ ಆರಕ್ಕೆ ಸ್ಪೀಕರಿನಲ್ಲಿ ರಾಷ್ಟ್ರಗೀತೆ ಬರುತ್ತದಂತೆ. ಓಡುವವರು, ಕುಣಿಯುವವರು ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರಂತೆ. ಊರು ಬಿಟ್ಟು ಇಷ್ಟು ದೂರ ಬಂದರೂ ಇವರು ಅದನ್ನು ಬಿಟ್ಟಿರಲಿಲ್ಲ. "ಅಮ್ಮನಿಗೆ ಮೊದಲ ದಿನವೇ ಗೊತ್ತು. ಅವರು ನಿಂತಾಗ ಕೈ ಬೀಸಿದ್ರೆ ಚೆನ್ನಾಗಿರಲ್ಲ ಅಂತ ತಾನೂ ನಿಲ್ತಿದ್ಲು" ಎಂದಳು.

ಹೊರಡುವುದಕ್ಕೆ ಇನ್ನೂ ಎರಡು ತಿಂಗಳಿತ್ತು. "ಬೇಕಾದ್ರೆ ಹೋಗು" ಎಂದೆ. "ಬೇಡ ಬಿಡಿ" ಎಂದಳು. ಸಂಜೆ ಮಹಡಿಯ ಕಿಟಕಿಯ ಹತ್ತಿರ ಕೂರುತ್ತಿದ್ದಳು. ಮತ್ತೆ ರೇಲಿಂಗ್ ಹಿಡಿದೇ ಮೆಟ್ಟಿಲು ಹತ್ತತೊಡಗಿದಳು. ನೊಯ್ ಬಂದು ಕೇಳಿದಾಗ, ಅವಳಿಗೆ ಮಂಡಿನೋವು ಜಾಸ್ತಿ ಎಂದು ನಾನೇ ಹೇಳಿದೆ. ಆಗ ಅದು ಸುಳ್ಳು. ಆಮೇಲೆ ನಿಜವಾಯಿತು.

ಹೊರಡುವ ದಿನ ಬೇಲಿಯ ಬಳಿ ನಿಂತು ನೊಯ್‌ಗೆ ಸಾರಿ ಎಂದೆ. ಅವಳು ಕೈ ಮುಗಿದು ನಕ್ಕಳು. ಹೊರಗಿನವರ ಹತ್ತಿರ ಆ ಮಾತು ಸಲೀಸಾಗಿ ಬಂತು.

ಕಾರು ಪಾರ್ಕನ್ನು ದಾಟುವಾಗ ಹೆಂಗಸರೆಲ್ಲ ಕುಣಿತ ಬಿಟ್ಟು ರಸ್ತೆಯ ಅಂಚಿಗೆ ಓಡಿ ಬಂದು, ನಮ್ಮವಳ ಹೆಸರು ಹಿಡಿದು ಕೂಗಿದರು. ಅವಳು ಗಾಜು ಇಳಿಸಿ, ತಿರುವು ಬರುವವರೆಗೂ ಕೈ ಬೀಸಿದಳು. ನಲವತ್ತು ವರ್ಷ ಜೊತೆಗಿದ್ದು ನಾನು ಒಮ್ಮೆಯೂ ಬಾಯಿಬಿಟ್ಟು ಕರೆಯದ ಹೆಸರು. "ಏ" ಅನ್ನುತ್ತಿದ್ದೆ, "ಇವಳೇ" ಅನ್ನುತ್ತಿದ್ದೆ.

ಇದನ್ನು ಬರೆಯುವಾಗ ಅವಳು ಪಕ್ಕದ ಕೋಣೆಯಲ್ಲಿದ್ದಾಳೆ. ವಾಕರ್ ಇಲ್ಲದೆ ಏಳಲಾರಳು. ಆ ಸಂಜೆಯ ಬಗ್ಗೆ ಅವಳೂ ಮಾತೆತ್ತಲಿಲ್ಲ, ನಾನೂ ತಪ್ಪಾಯಿತು ಎಂದು ಹೇಳಲಿಲ್ಲ. ಅವಳ ಹೆಸರು ಲಲಿತ.