ಎರಡು ಸಲ ನೀರು ಕುಡಿದ ಬದನೆ

ಆ ವರ್ಷದ ಬೇಸಿಗೆಯಲ್ಲಿ ಕಾಶವ್ವನಿಗೆ ತನ್ನ ಬುದ್ಧಿಯ ಮೇಲೆಯೇ ಅನುಮಾನ ಹುಟ್ಟಿತು.

ಕಾಶವ್ವ ಬೈಲಹೊಂಗಲದ ಕಡೆಯವಳು. ಗಂಡ ಮುರುಗೆಪ್ಪ ಪುಣೆಯ ಒಂದು ಅರಿವೆ ಅಂಗಡಿಯಲ್ಲಿ ಗುಮಾಸ್ತ. ಪೇಟೆಯ ಕಿಕ್ಕಿರಿದ ವಾಡೆಗಳಲ್ಲಿ ಪ್ಲೇಗಿನ ಭಯ ಇನ್ನೂ ಹೋಗಿರದ ಕಾಲವದು. ಹಾಗಾಗಿ ಮುರುಗೆಪ್ಪ ಕಾತ್ರಜದ ಘಟ್ಟದ ಕೆಳಗಿನ ಹಳ್ಳಿಯಲ್ಲಿ ಹಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದು, ದಿನವೂ ಸೈಕಲ್ಲಿನ ಮೇಲೆ ಹೋಗಿಬರುತ್ತಿದ್ದ. ಮನೆಯಲ್ಲಿ ಉಳಿಯುವವರು ಕಾಶವ್ವ ಮತ್ತು ಅತ್ತೆ ಸಾವಂತ್ರವ್ವ. ಹಿತ್ತಲಲ್ಲಿ ಒಂದು ಬಾವಿ, ಅದರ ಸುತ್ತ ಬದನೆ, ಮೆಣಸಿನಗಿಡ, ಒಂದು ಮಲ್ಲಿಗೆ ಬಳ್ಳಿ.

ಬೆಳಿಗ್ಗೆ ಬಿಸಿಲೇರುವ ಮೊದಲೇ ಕಾಶವ್ವ ನೀರು ಸೇದಿ ಮಡಿಗಳಿಗೆ ಹನಿಸುತ್ತಿದ್ದಳು. ಆಮೇಲೆ ಅಂಗಳ ಸಾರಿಸುವುದು, ರೊಟ್ಟಿ ಬಡಿಯುವುದು, ಬಿಸಿಲಿಗೆ ಸಂಡಿಗೆ ಹಾಕಿ ಕಾಗೆ ಕಾಯುವುದು. ಇಬ್ಬರೂ ಹೆಂಗಸರು ಉಂಡು ಮಲಗಿದರೆ ಬಿಸಿಲು ಇಳಿದ ಮೇಲೆಯೇ ಏಳುವುದು.

ವೈಶಾಖದಲ್ಲಿ ಬದನೆಯ ಎಲೆ ಹಳದಿಯಾಗತೊಡಗಿತು. ಬಿಸಿಲಿನ ಝಳ ಎಂದುಕೊಂಡು ಕಾಶವ್ವ ಒಂದು ಕೊಡ ಹೆಚ್ಚಿಗೆ ಹಾಕಿದಳು. ಗಿಡ ಇನ್ನಷ್ಟು ಜೋತುಬಿದ್ದಿತು. ಪಕ್ಕದ ಮನೆಯ ಕೃಷ್ಣಾಬಾಯಿ ಬಂದು ಒಂದು ಗಿಡ ಕಿತ್ತು ಬೇರು ಮೂಸಿ, ಇದು ಕೊಳೆತಿದೆ, ಇಷ್ಟು ನೀರು ಯಾಕೆ ಹಾಕುತ್ತೀಯೆಂದು ಮರಾಠಿಯಲ್ಲಿ ಗದರಿದಳು. ಊರಿನ ಬಾವಿಗಳೆಲ್ಲ ತಳ ಕಾಣುವ ಹೊತ್ತಿನಲ್ಲಿ ಈ ಮನೆಯ ಗಿಡ ನೀರು ಹೆಚ್ಚಾಗಿ ಸಾಯುತ್ತಿದೆಯೆಂದರೆ ಯಾರು ನಂಬಬೇಕು?

ಕಾಶವ್ವ ನೀರು ಕಡಿಮೆ ಮಾಡಿದಳು. ಆದರೂ ಸಂಜೆ ಕೈಯಿಟ್ಟರೆ ಮಣ್ಣು ಹಸಿ. ಬೆಳಿಗ್ಗೆ ಹಾಕಿದ ನೀರು ಈ ಉರಿಯಲ್ಲಿ ಸಂಜೆಯವರೆಗೆ ನಿಲ್ಲುವುದುಂಟೆ? ಅಥವಾ ಮಧ್ಯಾಹ್ನ ನಾನೇ ಎದ್ದು ಹಾಕಿದ್ದೆನೇ? ನೆನಪಾಗಲಿಲ್ಲ.

ಅಷ್ಟರಲ್ಲಿ ಸಾರಿನಲ್ಲಿ ಉಪ್ಪು ಹೆಚ್ಚಾಯಿತು. ಮರುದಿನ ಅಳೆದು ಒಂದೇ ಹಿಡಿ ಹಾಕಿದಳು, ಆದರೂ ಬಾಯಿಗಿಡಲಾಗಲಿಲ್ಲ. ಸಂಡಿಗೆಯ ಹಿಟ್ಟೂ ಉಪ್ಪುಪ್ಪು. ಮುರುಗೆಪ್ಪ ತಾಟು ಸರಿಸಿ, ಮನಸ್ಸು ಎಲ್ಲಿಟ್ಟಿರುತ್ತೀಯೆಂದು ಕೇಳಿದ. ಕಾಶವ್ವನ ಸೋದರತ್ತೆಯೊಬ್ಬಳಿಗೆ ತಲೆ ಕೆಟ್ಟಿತ್ತೆಂದು ಊರಲ್ಲಿ ಹೇಳುತ್ತಿದ್ದರು. ಅಂಥದ್ದು ತನಗೂ ಬಂತೇನೋ ಎಂದು ಹೆದರಿಕೊಂಡೇ ಆ ವಾರ ಕಳೆದಳು. ಬಾಗಿಲ ಅಗಳಿ ಹಾಕಿ ಬಂದು, ಹಾಕಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡುವಳು.

ಒಂದು ಮಧ್ಯಾಹ್ನ ಸೆಕೆಗೆ ನಿದ್ದೆ ಬರಲಿಲ್ಲ. ಹಿತ್ತಲಲ್ಲಿ ಬಾವಿಯ ರಾಟಿ ಕಿರುಗುಟ್ಟಿತು. ಎದ್ದು ನೋಡಿದರೆ ಸಾವಂತ್ರವ್ವ ಆ ಕೆಂಡದಂಥ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಬದನೆಯ ಬುಡಕ್ಕೆ ಕೊಡ ಬಗ್ಗಿಸುತ್ತಿದ್ದಳು.

"ಅತ್ತೀ, ಮುಂಜಾನೆ ಹಾಕೇನಲ್ರೀ ನೀರು," ಎಂದಳು ಕಾಶವ್ವ.

"ಯಾರು ಹಾಕ್ಯಾರ? ನೀ ಇನ್ನೂ ಈಗ ಎದ್ದು ಬಂದಿ," ಎಂದಳು ಸಾವಂತ್ರವ್ವ, ಸೊಸೆಯ ಸೋಮಾರಿತನವನ್ನು ಕ್ಷಮಿಸಿದವಳಂತೆ. ಬೆಳಿಗ್ಗೆ ಕಾಶವ್ವ ನೀರು ಹಾಕುವಾಗ ಅವಳು ಅಲ್ಲೇ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದಳು.

ಕಾಶವ್ವನಿಗೆ ಮೊದಲು ಆದದ್ದು ಸಮಾಧಾನ. ತಲೆ ಕೆಟ್ಟದ್ದು ತನಗಲ್ಲ. ಮರುಕ್ಷಣ ಅದಕ್ಕೇ ನಾಚಿಕೆಯಾಗಿ ಅತ್ತೆಯ ಕೈಯಿಂದ ಕೊಡ ಇಸಿದುಕೊಂಡಳು. ಅಂದು ಒಲೆಯ ಹತ್ತಿರ ಕಣ್ಣಿಟ್ಟಳು. ಅವಳು ಉಪ್ಪು ಹಾಕಿ ಆಚೆ ಹೋದೊಡನೆ ಸಾವಂತ್ರವ್ವ ಬಂದು ಮತ್ತೊಂದು ಹಿಡಿ ಹಾಕಿದಳು.

ಗಂಡನಿಗೆ ಹೇಳಿದರೆ ಅವನು ಸಿಟ್ಟಾದ. "ನಮ್ಮವ್ವನ ತಲಿ ಭಾಳ ಚುರುಕ ಅದ," ಎಂದು ಹೇಳಿ ಗೋಡೆಯ ಕಡೆ ಮುಖ ಮಾಡಿ ಅಡ್ಡಾದ. ಆದರೆ ಮುಂದಿನ ರವಿವಾರ ಅವನು ಉಂಡು ಕೈತೊಳೆದು ಬಂದಾಗ ಸಾವಂತ್ರವ್ವ ಹೊಸದಾಗಿ ತಾಟು ಹಾಕಿ, ಹಸಿದಿದ್ದೀಯಾ ಬಾ ಎಂದು ಕರೆದಳು. ಮುರುಗೆಪ್ಪ ಹೆಂಡತಿಯ ಮುಖ ನೋಡಿದ. ಕೂತು ಎರಡನೆಯ ಸಲ ಉಂಡ.

ಉಪ್ಪಿನ ಗಡಿಗೆಯನ್ನು ಗೋಡೆಯ ಎತ್ತರದ ಮಾಡಕ್ಕೆ ಏರಿಸಿದರೆ ಸಾವಂತ್ರವ್ವ, ನನ್ನ ಮನೆಯಲ್ಲಿ ನನಗೇ ಉಪ್ಪು ಮುಚ್ಚಿಡುತ್ತೀರಾ ಎಂದು ದಿನವಿಡೀ ಅನ್ನ ಬಿಟ್ಟಳು. ಗಡಿಗೆ ಮತ್ತೆ ಕೆಳಗಿಳಿಯಿತು. ಕಾಶವ್ವ ಉಪ್ಪು ಹಾಕುವುದನ್ನೇ ಬಿಟ್ಟು, ಅದನ್ನು ಅತ್ತೆಗೆ ಬಿಟ್ಟಳು. ಒಂದೊಂದು ದಿನ ಅತ್ತೆಯೂ ಹಾಕದೆ ಸಪ್ಪೆಯಾಗುತ್ತಿತ್ತು.

ಹಿತ್ತಲಿನ ತೊಡಕಿಗೆ ದಾರಿ ತೋರಿಸಿದವಳು ಕೃಷ್ಣಾಬಾಯಿ. ಕೆಸವಿನ ಗಡ್ಡೆ ತಂದುಕೊಟ್ಟು, ಇದಕ್ಕೆ ಎಷ್ಟು ನೀರು ಹಾಕಿದರೂ ನಡೆಯುತ್ತದೆ, ಮುದುಕಿಯ ಪಾಲಿಗೆ ಇದನ್ನು ಕೊಡು ಎಂದಳು. ಬಚ್ಚಲ ನೀರು ಹರಿಯುವಲ್ಲಿ, ಗೋಡೆಯ ನೆರಳಿನಲ್ಲಿ ಕಾಶವ್ವ ಅದನ್ನು ನೆಟ್ಟಳು. ಈ ಮಡಿ ನಿಮ್ಮದು, ನಾನು ಮುಟ್ಟುವುದಿಲ್ಲ ಎಂದು ಅತ್ತೆಗೆ ಹೇಳಿದಳು. ಕೆಲವು ದಿನ ಸಾವಂತ್ರವ್ವ ಅಲ್ಲಿಗೇ ಹೋಗುತ್ತಿದ್ದಳು, ಕೆಲವು ದಿನ ಬದನೆಗೇ. ಬದನೆ ಆ ವರ್ಷ ಉಳಿಯಲಿಲ್ಲ. ಕೆಸವಿನ ಎಲೆ ಮಾತ್ರ ಆನೆಯ ಕಿವಿಯಷ್ಟಾಯಿತು.

ಮುಂಗಾರಿನ ಮಳೆ ಬಿದ್ದ ಸಂಜೆ ಇಬ್ಬರೂ ಪಡಸಾಲೆಯಲ್ಲಿ ಕೂತು ಆ ಎಲೆಗಳ ನಾರು ತೆಗೆಯುತ್ತಿದ್ದರು. ಸಾವಂತ್ರವ್ವ ಕೈ ನಿಲ್ಲಿಸಿದಳು.

"ಕಾಶವ್ವಾ, ನಾ ಏನರ ಮರೀಲಿಕ್ಕೆ ಹತ್ತೇನೇನು? ಖರೇ ಹೇಳು."

"ಎಲ್ಲಾರೂ ಮರೀತಾರ್ರೀ ಅತ್ತೀ. ನಾನೂ ಮರೀತೀನಿ."

ಸಾವಂತ್ರವ್ವ ತಲೆಯಾಡಿಸಿ ಮತ್ತೆ ಎಲೆ ಕೈಗೆತ್ತಿಕೊಂಡಳು. ತಾನು ಹೇಳಿದ್ದು ಸುಳ್ಳೋ ಖರೆಯೋ ಕಾಶವ್ವನಿಗೆ ತಿಳಿಯಲಿಲ್ಲ. ಮಳೆ ಜೋರಾಯಿತು. ಅವಳು ಎದ್ದು ಅಂಗಳದಲ್ಲಿ ತೊಯ್ಯುತ್ತಿದ್ದ ಕಟ್ಟಿಗೆ ಒಳಗೆ ತರಲು ಹೋದಳು.