ನನ್ನ ಮ್ಯಾಕ್‌ನಲ್ಲಿ ಮಹಾದೇವಿಯ ಖೋಲಿ

ಕಳೆದ ಗುರುವಾರ ನನ್ನ ಮ್ಯಾಕ್ ಲ್ಯಾಪ್‌ಟಾಪಿನ ಮಡಿ ಕೆಟ್ಟಿತು. ಅದರೊಳಗೆ ವಿಂಡೋಸ್ ಬಂದು ಕೂತಿತು!

ನನ್ನನ್ನು ಬಲ್ಲವರಿಗೆ ಇದು ಎಂಥ ಸುದ್ದಿ ಅಂತ ಗೊತ್ತು. ರಾಯಚೂರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ‘ನಂದು ಮ್ಯಾಕ್, ಹ್ಯಾಂಗ್ ಆಗಲ್ಲ, ವೈರಸ್ ಬರಲ್ಲ’ ಎಂದು ವರ್ಷಗಟ್ಟಲೆ ಕೊರೆದವನು ನಾನು. (ಮನೆಯಲ್ಲಿ ಅದನ್ನು ಮುಟ್ಟಬೇಕಾದರೆ ಕೈ ತೊಳೆದುಕೊಳ್ಳಬೇಕು. ಹೆಂಡತಿಗೂ ಅದೇ ರೂಲು.)

ಇಷ್ಟಕ್ಕೆಲ್ಲ ಕಾರಣ ಒಂದು ಕುಪ್ಪಸ.

ಮಾನ್ವಿಯಲ್ಲಿರುವ ಅಕ್ಕನ ಮಗಳಿಗೆ ಭಾನುವಾರ ಮದುವೆ. ನಮ್ಮಲ್ಲಿ ಸೋದರಮಾವ ತಂದ ಸೀರೆ-ಕುಪ್ಪಸ ತೊಟ್ಟೇ ಹುಡುಗಿ ಅಕ್ಕಿಕಾಳಿಗೆ, ಅಂದರೆ ಅಕ್ಷತೆಗೆ, ನಿಲ್ಲಬೇಕು. ಅದು ತಪ್ಪಿದರೆ ಮಾವನಾದವನು ಬೀಗರ ಮುಂದೆ ತಲೆ ಎತ್ತುವ ಹಾಗಿಲ್ಲ. ಸೀರೆ ಬಂದಿತ್ತು. ಕುಪ್ಪಸದ ಕಸೂತಿ ಮಾತ್ರ ದೇವದುರ್ಗದ ಮಹಾದೇವಿಯ ಕೈಯಲ್ಲಿತ್ತು.

ಮಹಾದೇವಿಯದು ಕುರಿ ಕಾಯುವ ಮನೆತನ. ಅವಳು ಮಾತ್ರ ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ಇಟ್ಟಿದ್ದಾಳೆ. ಅಜ್ಜಿಯ ಕಂಬಳಿಯ ಅಂಚನ್ನು ಫೋನಿನಲ್ಲಿ ಫೋಟೊ ಹೊಡೆದು, ಅದನ್ನೇ ಕಂಪ್ಯೂಟರಿನಲ್ಲಿ ಒಂದೊಂದು ಹೊಲಿಗೆಯಾಗಿ ಕೂರಿಸಿ ಡಿಸೈನ್ ಮಾಡುತ್ತಾಳೆ. ಮದುಮಗಳು ಮೆಚ್ಚಿದ್ದು ಅದನ್ನೇ. ಮಾನ್ವಿ ಕಡೆಯಿಂದ ಅವಳಿಗೆ ಬಂದ ಮೊದಲ ಮದುವೆ ಕೆಲಸ ಇದು.

ಬುಧವಾರ ಅವಳ ಫೋನ್ ಬಂತು. ಮಷಿನ್ ಸರಿಯಿದೆ, ಡಿಸೈನ್ ಮಾಡುವ ಕಂಪ್ಯೂಟರ್ ಕೈಕೊಟ್ಟಿದೆ, ರಿಪೇರಿಯವನು ಸೋಮವಾರ ಅನ್ನುತ್ತಿದ್ದಾನೆ. ಅರ್ಧ ಆದ ಡಿಸೈನ್ ಪೆನ್‌ಡ್ರೈವ್‌ನಲ್ಲಿದೆ. ಅದನ್ನು ತೆರೆಯುವ ಸಾಫ್ಟ್‌ವೇರ್ ಓಡುವುದು ವಿಂಡೋಸ್‌ನಲ್ಲಿ ಮಾತ್ರ. ಊರಿನ ಇಂಟರ್ನೆಟ್ ಸೆಂಟರಿನವರು ತಮ್ಮ ಕಂಪ್ಯೂಟರಿಗೆ ಅದನ್ನು ಹಾಕಲು ಬಿಡಲಿಲ್ಲವಂತೆ.

“ಈ ಕುಬಸ ತಪ್ಪಿದ್ರ ಮಾನ್ವಿಯವ್ರು ಮತ್ತ ನನ್ನ ಕೈಯಾಗ ಬಟ್ಟಿ ಕೊಡಂಗಿಲ್ರಿ ಸರ್. ನಿಮ್ಮ ಲ್ಯಾಪ್‌ಟಾಪ್ ಒಂದಿನ ಕೊಡ್ರಿ,” ಅಂದಳು.

ನನ್ನದು ಮ್ಯಾಕ್, ಅದರಲ್ಲಿ ವಿಂಡೋಸ್ ನಡೆಯುವುದಿಲ್ಲ ಎಂದೆ. ದುಃಖದಿಂದ ಹೇಳಬೇಕಾದ ಮಾತನ್ನು ಜಂಬದಿಂದ ಹೇಳಿದೆ ಅಂತ ಈಗ ಅನ್ನಿಸುತ್ತದೆ.

ಆದರೂ ಮರುದಿನ ಮೊದಲ ಬಸ್ಸಿಗೇ ಬಂದಿಳಿದಳು! ಅಷ್ಟರಲ್ಲಿ ನಾನು ನಮ್ಮ ಓಣಿಯ ರಿಪೇರಿಯವನನ್ನು ಕೇಳಿದ್ದೆ. ಅವನ ಹತ್ತಿರ ಎಲ್ಲ ರೋಗಕ್ಕೂ ಒಂದೇ ಮದ್ದು: ಫಾರ್ಮ್ಯಾಟ್ ಹೊಡೆಯೋದು. ಎಲ್ಲ ಅಳಿಸಿ ವಿಂಡೋಸ್ ಹಾಕಿಕೊಡುತ್ತೇನೆ ಎಂದ. ಇಷ್ಟು ವರ್ಷದ ಅಂಕಣಗಳೆಲ್ಲ ಅದರೊಳಗಿವೆಯಲ್ಲ ಮಾರಾಯ್ರೇ?

ಮಹಾದೇವಿ ನಕ್ಕಳು.

“ಅಳಸೋದು ಯಾಕ್ರಿ? ನಿಮ್ಮದು ನಿಮಗ ಇರಲಿ. ಒಳಗ ನನಗೊಂದು ಖೋಲಿ ಕೊಡ್ರಿ, ಸಾಕು.”

ವರ್ಚುವಲ್ ಮಷಿನ್ ಅಂದರೆ ಇಷ್ಟೇ ಕಣ್ರೀ, ಒಳಗೊಂದು ಕೋಣೆ. ಇದಕ್ಕಿಂತ ಸಲೀಸಾಗಿ ಹೇಳಿದವರನ್ನು ನಾನಂತೂ ಕಂಡಿಲ್ಲ. ಮ್ಯಾಕ್‌ನೊಳಗೇ ಇಲ್ಲದ ಒಂದು ಕಂಪ್ಯೂಟರನ್ನು ಇದೆ ಅಂತ ಮಾಡುವುದು. ಇಷ್ಟು ಮೆಮೊರಿ ನಿನಗೆ, ಇಷ್ಟು ಡಿಸ್ಕ್ ನಿನಗೆ ಅಂತ ಪಾಲು ಕೊಡುವುದು. ವಿಂಡೋಸ್ ಬಂದು ಇಡೀ ಯಂತ್ರ ತನ್ನದೇ ಅಂದುಕೊಂಡು ಹಾಯಾಗಿ ಕೂರುತ್ತದೆ. ಆ ಕಡೆ ಮ್ಯಾಕ್ ತನ್ನ ಪಾಡಿಗೆ ತಾನಿರುತ್ತದೆ. (ನನ್ನದು ಹಳೆಯ ಮಾಡೆಲ್. ಅದೇ ಒಳ್ಳೆಯದಾಯಿತಂತೆ, ಹೊಸದರಲ್ಲಿ ತಕರಾರು ಜಾಸ್ತಿಯಂತೆ.)

ಇದನ್ನೆಲ್ಲ ಎಲ್ಲಿ ಕಲಿತೆ ಅಂತ ಕೇಳಿದರೆ, ಬಸ್ಸಿನಲ್ಲಿ ಬರುತ್ತಾ ಹಿಂದಿ ವಿಡಿಯೊ ನೋಡಿದೆ ಎಂದಳು. ಮಧ್ಯಾಹ್ನದ ಹೊತ್ತಿಗೆ ವಿಂಡೋಸೂ ಬಂತು, ಅವಳ ಸಾಫ್ಟ್‌ವೇರೂ ಕೂತಿತು. ನಡುವೆ ಫೋನುಗಳು. ದಾರದ ವ್ಯಾಪಾರಿಯ ಜೊತೆ ತೆಲುಗು, ಮಷಿನ್ ಮೆಕ್ಯಾನಿಕ್ ಜೊತೆ ಉರ್ದು, ನನ್ನ ಜೊತೆ ಕನ್ನಡ. ಒಂದರಿಂದ ಇನ್ನೊಂದಕ್ಕೆ ಹೋಗಲು ರೀಸ್ಟಾರ್ಟ್ ಬೇಕಿಲ್ಲ ಅವಳಿಗೆ.

ಅವಳು ಹಾಗೆ ಫೋನಿನಲ್ಲಿದ್ದಾಗಲೇ ನಾನು ಪೆನ್‌ಡ್ರೈವ್ ಚುಚ್ಚಿದೆ. ಇದನ್ನು ಮ್ಯಾಕ್‌ಗೆ ಕೊಡಲೋ ವಿಂಡೋಸ್‌ಗೆ ಕೊಡಲೋ ಅಂತ ಪರದೆ ಕೇಳಿತು. ನನ್ನ ಬೆರಳು ಎಲ್ಲಿ ಒತ್ತಿರಬೇಕು ಹೇಳಿ? ಮ್ಯಾಕ್! ಅಭ್ಯಾಸ ಅನ್ನಿ, ಅಭಿಮಾನ ಅನ್ನಿ.

ಅವಳು ಬಂದು ವಿಂಡೋಸ್‌ನಲ್ಲಿ ಹುಡುಕಿದರೆ ಪೆನ್‌ಡ್ರೈವೇ ಇಲ್ಲ. ಆ ಡಿಸೈನಿಗೆ ಇನ್ನೊಂದು ಕಾಪಿ ಇರಲಿಲ್ಲ. ಪೆನ್‌ಡ್ರೈವ್ ಸತ್ತುಹೋಯಿತು ಅಂತ ತಲೆ ಮೇಲೆ ಕೈ ಇಟ್ಟು ಕೂತಳು. ನಾನು ಒತ್ತಿದ್ದರ ಫಲ ಇದು ಅಂತ ನನಗಾದರೂ ಏನು ಗೊತ್ತು? ನಾನೂ ಕೂತೆ.

ಕೊನೆಗೆ ಅವಳೇ ಎದ್ದು ವಿಂಡೋಸನ್ನು ಬದಿಗೆ ಸರಿಸಿ ನೋಡಿದಳು. ನನ್ನ ಮ್ಯಾಕ್‌ನ ಪರದೆಯ ಮೂಲೆಯಲ್ಲಿ ಪೆನ್‌ಡ್ರೈವ್ ಕಾಣಿಸಿತು.

“ನಿಮ್ಮ ಕಡಿ ಕುಂತದ್ರಿ ಸರ್. ಈ ಕಡಿ ಕಳಸ್ರಿ.”

ಕಳಿಸಿದೆ. ಕಂಬಳಿಯ ಅಂಚು ಪರದೆಯ ಮೇಲೆ ಅರಳಿತು. ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ? ಉಳಿದರ್ಧವನ್ನು ಅಲ್ಲೇ ಕೂತು ಮುಗಿಸಿ, ಪೆನ್‌ಡ್ರೈವ್ ಹಿಡಿದು ಅವಳು ಸಂಜೆಯ ಬಸ್ಸಿಗೆ ದೇವದುರ್ಗಕ್ಕೆ ಹೋದಳು; ಅದನ್ನು ಮಷಿನ್‌ಗೆ ಚುಚ್ಚಿದರೆ ಸಾಕಂತೆ. ಶನಿವಾರ ಕುಪ್ಪಸ ಬಂತು.

ಭಾನುವಾರ ಮಾನ್ವಿಯಲ್ಲಿ ಮದುಮಗಳ ಬೆನ್ನ ಮೇಲಿದ್ದ ಆ ಕಸೂತಿಯನ್ನು ಬೀಗಿತ್ತಿಯರು ಸುತ್ತುವರಿದು, ಮುಟ್ಟಿ ಮುಟ್ಟಿ ನೋಡಿದರು. ಇದೇ ಸಮಯ ಅಂತ ನಾನು ಗಂಟಲು ಸರಿಮಾಡಿಕೊಂಡು ನನ್ನ ಮ್ಯಾಕ್‌ನ ಮಹಿಮೆ ಶುರುಮಾಡಿದೆ. ಅಕ್ಕ ನಡುವೆಯೇ ತಡೆದಳು.

“ಅದೆಲ್ಲಾ ಆಮ್ಯಾಲ ಹೇಳೋವಂತಿ. ಮೊದ್ಲು ಆಕಿ ನಂಬರ್ ಕೊಡು. ಬೀಗರು ಕೇಳಾಕತ್ತಾರ.”

ಕೊಟ್ಟೆ. ಊಟದ ಪಂಕ್ತಿ ಮುಗಿಯುವುದರೊಳಗೆ ಮಹಾದೇವಿಯ ನಂಬರ್ ಇಡೀ ಮಂಟಪ ಸುತ್ತಿತು. ಅಷ್ಟು ಜನರಲ್ಲಿ ಒಬ್ಬರಾದರೂ ನನ್ನ ಮ್ಯಾಕ್ ಯಾವ ಮಾಡೆಲ್ ಅಂತ ಕೇಳಬಾರದೇ?