ನಾನೇ ಹೊಲಿದ ಚೀಲ

“ಮನಿಯಾಗ ನೀನೇ ಲಾಖ ಬ್ಯಾಳಿ ಕಲಸಿ ತಂದು ನನ್ನ ಮ್ಯಾಲ ಹಾಕ್ತಿ ಏನಬೇ?” ಎಂದು ಆಳಂದದ ಸಾವುಕಾರರು ಕಡಗಂಚಿಯ ಹೆಣ್ಣುಮಗಳೊಬ್ಬಳ ಮೇಲೆ ಎಗರಾಡುತ್ತಿದ್ದರು. ನಿಜಾಮ ಸರ್ಕಾರದ ಕೊನೆಯ ಬೇಸಿಗೆ ಅದು. ಆಕೆ ಮಗಳ ಮದುವೆಗೆಂದು ಅವರ ಅಂಗಡಿಯಿಂದ ಎರಡು ಚೀಲ ತೊಗರಿ ಬೇಳೆ ಒಯ್ದಿದ್ದಳು. ಒಂದನ್ನು ಬಿಚ್ಚಿದಾಗ, ತೊಗರಿಯಂತೆಯೇ ಕಾಣುವ, ಆದರೆ ದಿನಾಲೂ ತಿಂದರೆ ಕಾಲು ಸೆಟೆಯುವ ಅಗ್ಗದ ಲಾಖ ಬೇಳೆ ಬೆರೆತದ್ದು ಕಂಡಿತಂತೆ. ಇನ್ನೊಂದನ್ನು ಬಿಚ್ಚದೆ ಮರಳಿ ತಂದು, ತಹಸೀಲ ಕಚೇರಿಯ ಸಾಹೇಬರನ್ನೂ ಕರೆತಂದಿದ್ದಳು.

“ಈ ಅಂಗಡಿಯಾಗೇ ಕಟ್ಟಿದ ಚೀಲ ಅಂತ ಸಾಬೀತಾದ್ರ ಮಾತ್ರ ಕಾನೂನ ನಡೀತದ,” ಎಂದರು ಸಾಹೇಬರು.

ನಾನು ಆ ಅಂಗಡಿಯ ಹಮಾಲ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವನಾದರೂ ಚೀಲದ ಬಾಯಿ ಹೊಲಿಯುವುದರಲ್ಲಿ ಪೇಟೆಗೇ ಮುಂದು. ಸಾವುಕಾರರು ಕಣ್ಣು ಕೆಂಪಗೆ ಮಾಡಿದರೂ ಮುಂದೆ ಹೋಗಿ ಚೀಲದ ಬಾಯಿಯ ಹೊಲಿಗೆ ನೋಡಿದೆ. “ಗಂಟು ನಂದೇ ಅದರಿ. ಯಾರೂ ಬಿಚ್ಚಿಲ್ರಿ.”

ಚೀಲ ಸುರುವಿದರೆ ಅರ್ಧಕ್ಕರ್ಧ ಲಾಖ. ಸಾಹೇಬರು ಪಂಚನಾಮೆ ಬರೆಸಿ ಮಾಲು ಜಪ್ತಿ ಮಾಡಿದರು. ಆಕೆಗೆ ಅಲ್ಲಿಯೇ ಒಳ್ಳೆಯ ಬೇಳೆ ಕೊಡಿಸಿದರು. ಹೊರಡುವಾಗ ಆಕೆ ನನ್ನನ್ನು ಕೇಳಿದಳು: “ಹೊಲಿಯೂ ಮುಂದ ಒಳಗ ಏನದ ಅಂತ ನೋಡಲಿಲ್ಲೇನಪಾ?”

ಅಂದೇ ಕೆಲಸ ಹೋಯಿತು. ಅದಕ್ಕೆ ಅಂಜಲಿಲ್ಲ, ದುಡಿಯುವ ಮೈ ನನ್ನದು. ಆದರೆ ಅಂದಿನಿಂದ ಕೈ ಹಾಕಿ ಮಾಲು ನೋಡದೆ ದಬ್ಬಣ ಎತ್ತುವುದಿಲ್ಲ. ಕೆಲವು ಸಾವುಕಾರರು ಅದಕ್ಕೇ ನನ್ನನ್ನು ಕರೆಯುವುದಿಲ್ಲ.